ರಿಮ್ಮಿನ ಹಿಂಬದಿ ನೋಡಿ ಸ್ವಾಮಿ: ಸಾರಿಗೆ ಆಯುಕ್ತರಿಗೆ ಹಾಸನದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ,
ಬೆಂಗಳೂರು

ನಮಸ್ಕಾರ.

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಟೈರ್ ಅಂಗಡಿ. ಟೈರ್ ಬದಲಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಪಂಕ್ಚರ್. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಶಿರಾಡಿ ಘಾಟಿ ಹತ್ತಿ ಬರುವ ಕಾರುಗಳ ರಿಮ್ಮು ನೋಡಿಯೇ ಆ ವರ್ಷದ ಮಳೆ ಹೆಂಗಿತ್ತು ಅಂತ ಹೇಳುವಷ್ಟು ಅಭ್ಯಾಸವಾಗಿದೆ. ಪರೀಕ್ಷೆಯಾಗದ ನಕಲಿ ಅಲಾಯ್ ರಿಮ್ಮುಗಳ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ) ಮಾರಾಟದ ಬಗ್ಗೆ ಈ ಪತ್ರ. ಇದರಲ್ಲಿ ಕಾನೂನಿನ ಭಾಷೆ ಕಡಿಮೆಯಾಗಿ ಗ್ರೀಸು ಜಾಸ್ತಿಯಾದರೆ ಮನ್ನಿಸಬೇಕು.

ಹೋದ ಮಳೆಗಾಲದಲ್ಲಿ ಒಂದೇ ವಾರದೊಳಗೆ ಎರಡು ಸ್ವಿಫ್ಟ್ ನನ್ನ ಅಂಗಡಿಗೆ ಬಂದವು.

ಮೊದಲನೆಯದರ ಹುಡುಗ ಸಕಲೇಶಪುರದ ಕಡೆಯವನು. ಬೇಸ್ ಮಾಡೆಲ್ ಕಾರು, 14 ಇಂಚಿನ ಕಬ್ಬಿಣದ ಡಿಸ್ಕು, ಅಂದರೆ ಸಾದಾ ರಿಮ್ಮು. ಅದೇ ಕಾರಿನ ಟಾಪ್ ಮಾಡೆಲ್ಲಿಗೆ ಕಂಪನಿಯೇ ಹಾಕಿ ಕಳಿಸುವ 15 ಇಂಚಿನ ಅಲಾಯ್ ನಾಲ್ಕನ್ನು ಎಲ್ಲಿಂದಲೋ ಹುಡುಕಿ ತಂದು, ತಾಮ್ರದ ಬಣ್ಣ ಹೊಡೆಸಿ ಹಾಕಿಕೊಂಡಿದ್ದ. ಪಕ್ಕಾ ಒರಿಜಿನಲ್ ಮಾಲು. 165/80 ಆರ್14 (ಟೈರಿನ ಅಗಲ 165 ಮಿ.ಮೀ., ರಬ್ಬರಿನ ಎತ್ತರ ಆ ಅಗಲದ ಶೇ. 80, ರಿಮ್ಮು 14 ಇಂಚು) ಇದ್ದ ಜಾಗಕ್ಕೆ 185/65 ಆರ್15 ಟೈರು. ಲೆಕ್ಕ ಹಾಕಿ ನೋಡಿ, ಹಳೇ ಚಕ್ರಕ್ಕೂ ಹೊಸ ಚಕ್ರಕ್ಕೂ ಒಟ್ಟು ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸ ಬರುತ್ತದೆ, ಅಷ್ಟೇ. ಮಡ್‌ಗಾರ್ಡಿನಿಂದ ಒಂದು ಕೂದಲೆಳೆಯಷ್ಟೂ ಆಚೆ ಬಂದಿರಲಿಲ್ಲ. ಆದರೆ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಯಾವುದೋ ಊರಿನ ತಪಾಸಣೆಯಲ್ಲಿ ನಿಲ್ಲಿಸಿ, ಗಾಡಿ ಆಲ್ಟರ್ ಮಾಡಿದ್ದೀಯ ಅಂತ ದಂಡ ಬರೆದಿದ್ದರು. ಹಳೇ ಡಿಸ್ಕು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು, "ಅಣ್ಣ, ಇವನ್ನ ಬಿಚ್ಚಿ ಅವನ್ನೇ ಹಾಕ್ಕೊಡಿ" ಅಂದ. ಹಾಕಿಕೊಟ್ಟೆ. ಅವನ ಮುಖ ನೋಡಿ ಕೂಲಿ ಕೇಳೋಕೆ ಮನಸ್ಸಾಗಲಿಲ್ಲ.

ಎರಡನೆಯ ಕಾರು ಧರ್ಮಸ್ಥಳಕ್ಕೆ ಹೊರಟಿದ್ದ ಕುಟುಂಬದ್ದು. ಹಿಂದಿನ ಸೀಟಿನಲ್ಲಿ ಅಜ್ಜಿ, ಎರಡು ಮಕ್ಕಳು, ಮಡಿಲಲ್ಲಿ ಕಡ್ಲೆಕಾಯಿ ಪೊಟ್ಟಣ. ಯಜಮಾನರ ದೂರು ಇಷ್ಟೇ: "80 ದಾಟಿದ್ರೆ ಸ್ಟೇರಿಂಗ್ ನಡುಗ್ತದೆ. ಮೂರು ಕಡೆ ಅಲೈನ್‌ಮೆಂಟ್ ಮಾಡಿಸ್ದೆ, ಹೋಗ್ಲಿಲ್ಲ. ಎಡಗಡೆ ಮುಂದಿನ ಟೈರು ದಿನಾ ಗಾಳಿ ಬೇರೆ ಕೇಳ್ತದೆ." ಬೆಳ್ಳಿ ಬಣ್ಣದ ಆರು ಕಡ್ಡಿಯ ಅಲಾಯ್, ನೋಡೋಕೆ ಕಂಪನಿಯದೇ ಅನ್ನಿಸಬೇಕು. ಯಾರೂ ನಿಲ್ಲಿಸಿರಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ.

ಚಕ್ರ ಬಿಚ್ಚಿದೆ. ಸ್ವಿಫ್ಟಿನ ಹಬ್, ಅಂದರೆ ಚಕ್ರದ ನಡುವಿನ ತೂತು ಬಂದು ಕೂರುವ ಗುಬ್ಬಿ, 54.1 ಮಿ.ಮೀ. ಆ ರಿಮ್ಮಿನ ನಡುವಿನ ತೂತು 73. ಎಲ್ಲ ಕಂಪನಿಯ ಕಾರಿಗೂ ಒಂದೇ ಮಾಲು ಹೊಂದಲಿ ಅಂತ ದೊಡ್ಡದಾಗಿ ಕೊರೆದಿರುತ್ತಾರೆ. ನಡುವಿನ ಸಂದಿಗೆ ಬಳೆಯಂಥ ಒಂದು ರಿಂಗ್ ಕೂರಿಸಬೇಕು. ಕೂರಿಸಿರಲಿಲ್ಲ. ಚಕ್ರ ನಡುಮಧ್ಯಕ್ಕೆ ಕೂತಿದೆಯೋ ಇಲ್ಲವೋ ಅನ್ನೋದು ನಟ್ಟು ಬಿಗಿ ಮಾಡಿದ ಹುಡುಗನ ಕೈಗುಣಕ್ಕೆ ಬಿಟ್ಟಿದ್ದು. ನಡುಕ ಅಲ್ಲಿಂದ. ಅಲೈನ್‌ಮೆಂಟ್ ಮೂರಲ್ಲ, ಮೂವತ್ತು ಸಲ ಮಾಡಿಸಿದರೂ ಹೋಗುವಂಥದ್ದಲ್ಲ.

ಗಾಳಿ ಎಲ್ಲಿ ಹೋಗುತ್ತಿದೆ ಅಂತ ಸೋಪಿನ ನೀರು ಹಾಕಿದೆ. ಟೈರು, ವಾಲ್ವು, ಬೀಡು (ಟೈರು ರಿಮ್ಮಿಗೆ ಕಚ್ಚಿ ಕೂರುವ ಅಂಚು) ಎಲ್ಲ ಸರಿ. ರಿಮ್ಮಿನ ಒಳಮೈಯಲ್ಲಿ, ಕಡ್ಡಿ ಬಂದು ಸೇರುವ ಬೆನ್ನಿನ ಹತ್ತಿರ, ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಬಟ್ಟೆಯಲ್ಲಿ ಒರೆಸಿ ಟಾರ್ಚು ಬಿಟ್ಟೆ. ಕೂದಲಿನಂಥ ಬಿರುಕು, ನಾಲ್ಕು ಬೆರಳಿನ ಉದ್ದ. ಮುಂದೆ ಶಿರಾಡಿ ಇಳಿಜಾರು. ಯಜಮಾನರಿಗೆ ತೋರಿಸಿದೆ. ಅವರು ಮಾತಾಡಲಿಲ್ಲ, ಮಕ್ಕಳನ್ನು ಕಾರಿನಿಂದ ಇಳಿಸಿ ನೆರಳಿಗೆ ಕೂರಿಸಿದರು. ನನ್ನಲ್ಲಿದ್ದ ಹಳೇ ಡಿಸ್ಕು ನಾಲ್ಕು ಹಾಕಿ ಕಳಿಸಿದೆ. ಆ ರಿಮ್ಮನ್ನು "ನೀವೇ ಇಟ್ಕೊಳಿ" ಅಂದು ಹೋದರು.

ಅವತ್ತು ಸಂಜೆ ಬಿರುಕು ಬಿಟ್ಟ ರಿಮ್ಮನ್ನು ಗರಗಸದಲ್ಲಿ ಕೊಯ್ದೆ. ಒಳ್ಳೆ ಎರಕ ಕೊಯ್ದರೆ ಒಳಗೆ ಬೆಣ್ಣೆ ಕೊಯ್ದ ಹಾಗೆ ನುಣ್ಣಗಿರುತ್ತದೆ. ಇದರ ಒಳಗೆ ಸೆಟ್ ದೋಸೆಯ ಮೇಲ್ಮೈ ಇತ್ತು. ಬಣ್ಣದ ಕೆಳಗೆ ಒಂದು ಕಡೆ ಪುಟ್ಟಿ ತುಂಬಿತ್ತು. ಅಂದರೆ ಹುಟ್ಟುವಾಗಲೇ ಗುಂಡಿ ಬಿದ್ದಿದ್ದ ಚಕ್ರಕ್ಕೆ ಗೋಡೆಗೆ ಮೆತ್ತುವ ಹಾಗೆ ಮೆತ್ತಿ, ಬಣ್ಣ ಹೊಡೆದು, ಡಬ್ಬಕ್ಕೆ ಹಾಕಿ ಮಾರಿದ್ದರು.

ಹಿಂಬದಿಯಲ್ಲಿ ಜೆಡಬ್ಲ್ಯುಎಲ್ ಅನ್ನುವ ಮುದ್ರೆ ಎರಕದಲ್ಲೇ ಮೂಡಿತ್ತು, ಪಕ್ಕದಲ್ಲಿ ವಿಐಎ. ಇದರ ಅರ್ಥ ತಿಳಿದವರಿಗೆ ನಗುವೋ ಅಳುವೋ ಗೊತ್ತಾಗಲ್ಲ. ಜೆಡಬ್ಲ್ಯುಎಲ್ ಜಪಾನಿನ ಅಲಾಯ್ ಚಕ್ರದ ಮಾನದಂಡ; ಅದಕ್ಕೆ ತಕ್ಕಂತೆ ಮಾಡಿದ್ದೇನೆ ಅಂತ ತಯಾರಕ ತಾನೇ ಹಾಕಿಕೊಳ್ಳುವ ಗುರುತು. ವಿಐಎ ಅಂದರೆ ಹೊರಗಿನ ಸಂಸ್ಥೆ ಪರೀಕ್ಷಿಸಿ ನೋಂದಾಯಿಸಿದೆ ಅಂತ. ಅಚ್ಚು ಕೆತ್ತುವವನಿಗೆ ಇವೆರಡೂ ಆರು ಅಕ್ಷರ. ಕಡ್ಡಿಯ ಆಕಾರ ಕದಿಯುವವನು ಆರು ಅಕ್ಷರ ಬಿಡುತ್ತಾನೆಯೇ? ಇರಬೇಕಾದದ್ದು ಮಾತ್ರ ಇರಲಿಲ್ಲ: ತಯಾರಕನ ಹೆಸರು, ಎರಕದ ತಿಂಗಳು-ವರ್ಷ, ಒಂದು ಚಕ್ರ ಎಷ್ಟು ಕೆ.ಜಿ. ಹೊರುತ್ತದೆ ಅನ್ನುವ ಅಂಕಿ.

ಆ ಆರು ಕಡ್ಡಿಯ ಆಕಾರ ಎಲ್ಲಿಯದು ಅಂತ ಕಾರಿನ ಹುಚ್ಚು ಹತ್ತಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಜಪಾನಿನ ರೇಯ್ಸ್ ಕಂಪನಿ 1996ರಲ್ಲಿ ತಂದ ಟಿಇ37. ಹೆಸರಿನ 37 ಬಂದದ್ದು ತೂಕದಿಂದ, 15 ಇಂಚಿನ ಒಂದು ಚಕ್ರ 3.7 ಕೆ.ಜಿ. ಎರಕವಲ್ಲ, ಭಾರೀ ಒತ್ತಡದಲ್ಲಿ ಬಡಿದು ಮಾಡಿದ ಫೋರ್ಜ್ಡ್ ಚಕ್ರ. ನಮ್ಮ ಅಂಗಡಿಯ ಪಕ್ಕ ಕಾಫಿ ಬೀಜ ಕೊಳ್ಳುವವರ ತಕ್ಕಡಿಯಲ್ಲಿ ಈ ನಕಲನ್ನು, ಕೊಯ್ಯುವ ಮೊದಲು, ತೂಗಿದ್ದೆ: 8 ಕೆ.ಜಿ. 200 ಗ್ರಾಂ. ಎರಡರಷ್ಟಕ್ಕಿಂತ ಜಾಸ್ತಿ ತೂಕ, ಆದರೂ ಬಿರುಕು. ದಪ್ಪ ಇದ್ದರೆ ಗಟ್ಟಿ ಅನ್ನುವ ನಮ್ಮ ಜನರ ನಂಬಿಕೆ ರಾಗಿಮುದ್ದೆಗೆ ಸರಿ, ಅಲ್ಯೂಮಿನಿಯಮ್ಮಿಗಲ್ಲ.

ಗಟ್ಟಿತನ ಬರುವುದು ಹದದಿಂದ. ಎರಕದ ಅಲಾಯ್‌ಗೆ ಹೆಚ್ಚಾಗಿ ಬಳಸುವುದು ಎ356 ಅನ್ನುವ ಮಿಶ್ರಲೋಹ: ಅಲ್ಯೂಮಿನಿಯಂ ಜೊತೆಗೆ ಶೇ. 7ರಷ್ಟು ಸಿಲಿಕಾನ್, ಉಪ್ಪಿನಕಾಯಿಗೆ ಇಂಗು ಹಾಕಿದಷ್ಟು ಮೆಗ್ನೀಸಿಯಂ. ಎರಕ ಹೊಯ್ದ ಮೇಲೆ ಅದನ್ನು ಸುಮಾರು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 150-160 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಟಿ6 ಅಂತಾರೆ ಇದನ್ನು. ನಮ್ಮ ಕಮ್ಮಾರರು ಕುಡುಗೋಲು ಕಾಯಿಸಿ ನೀರಿಗದ್ದಿ ಹದ ಮಾಡುತ್ತಾರಲ್ಲ, ಲೋಹ ಬೇರೆ, ಲೆಕ್ಕ ಬೇರೆ, ಆದರೆ ಹದ ತಪ್ಪಿದರೆ ಬಾಯಿ ಮುರಿಯುವುದು ಎರಡರಲ್ಲೂ ಒಂದೇ. ಆಮೇಲೆ ಒಂದೊಂದು ಚಕ್ರವನ್ನೂ ಎಕ್ಸ್-ರೇ ತೆಗೆದು ಒಳಗೆ ಗುಳ್ಳೆ ಇದೆಯೇ ನೋಡಬೇಕು. ಕುಲುಮೆಯ ಕರೆಂಟು, ಎಕ್ಸ್-ರೇ ಖರ್ಚು, ಗುಳ್ಳೆ ಇದ್ದದ್ದನ್ನು ಕರಗಿಸಿ ಮತ್ತೆ ಹೊಯ್ಯುವ ನಷ್ಟ, ದುಡ್ಡೆಲ್ಲ ಇಲ್ಲಿ ಹೋಗುತ್ತದೆ. ಇವನ್ನು ಕೈಬಿಟ್ಟರೂ ಬಣ್ಣ ಹೊಡೆದ ಮೇಲೆ ಶೋಕೇಸಿನಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

ಗೊತ್ತಾಗುವುದು ಪರೀಕ್ಷೆಯಲ್ಲಿ. ಚಕ್ರವನ್ನು 13 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದು ಹೊರಬೇಕಾದ ಭಾರದ ಶೇ. 60ಕ್ಕೆ 180 ಕೆ.ಜಿ. ಕೂಡಿಸಿದಷ್ಟು ತೂಕವನ್ನು 230 ಮಿ.ಮೀ. ಎತ್ತರದಿಂದ ಅಂಚಿನ ಮೇಲೆ ಬೀಳಿಸುತ್ತಾರೆ. 450 ಕೆ.ಜಿ. ಹೊರುವ ಚಕ್ರವಾದರೆ ಬೀಳುವ ತೂಕವೂ 450 ಕೆ.ಜಿ. ಆಗುತ್ತದೆ. ಅಂಚು ಬಗ್ಗಬಹುದು, ನಡು ಸೀಳಬಾರದು, ಒಂದು ನಿಮಿಷದೊಳಗೆ ಗಾಳಿ ಪೂರ್ತಿ ಹೋಗಬಾರದು. ಇದಲ್ಲದೆ ತಿರುವಿನಲ್ಲಿ ಬೀಳುವ ಬಾಗುವ ಬಲ, ಮೇಲಿನಿಂದ ಬೀಳುವ ಭಾರ, ಇವೆರಡನ್ನೂ ಲಕ್ಷಗಟ್ಟಲೆ ಸುತ್ತು ಕೊಟ್ಟು ನೋಡುತ್ತಾರೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಪರೀಕ್ಷೆ ಮಾಡುವ ಸಂಸ್ಥೆಗಳು. ಪರೀಕ್ಷೆ ಆಗದ ರಿಮ್ಮಿಗೆ ಈ ಕೆಲಸವನ್ನು ನಮ್ಮ ರಸ್ತೆಯ ಗುಂಡಿಗಳು ಪುಕ್ಕಟೆ ಮಾಡಿಕೊಡುತ್ತವೆ, ಒಳಗೆ ಜನರನ್ನು ಕೂರಿಸಿಕೊಂಡು.

ಇಲ್ಲಿ ನನ್ನ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಬರೆಯುವ ಯೋಗ್ಯತೆ ನನಗಿಲ್ಲ. ಹತ್ತು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಹೋಲ್‌ಸೇಲಿನವನಿಂದ ಇಂಥ ಮಾಲು ನಾನೂ ತರಿಸಿ ಮಾರಿದ್ದೇನೆ. "ಫಸ್ಟ್ ಕಾಪಿ ಸಾರ್, ಒರಿಜಿನಲ್ ಅಚ್ಚಿಂದಾನೇ ಬಂದಿರೋದು" ಅಂದಿದ್ದ. ಮುದ್ರೆ ನೋಡಿ ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ಲಾಭ ಚೆನ್ನಾಗಿತ್ತು, ಹೆಚ್ಚು ಕೇಳಲಿಲ್ಲ. ಒಂದು ಸೆಟ್ಟಿನಲ್ಲಿ ಎರಡು ಚಕ್ರ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಮೊಟ್ಟೆ ಉರುಳಿದ ಹಾಗೆ ತಿರುಗಿದವು. ವಾಪಸ್ ಕಳಿಸಿದರೆ ದುಡ್ಡು ಬರಲಿಲ್ಲ, ಬಿಲ್ಲಿನಲ್ಲಿ "ಕಾರ್ ಅಕ್ಸೆಸರೀಸ್" ಅಂತ ಮಾತ್ರ ಇತ್ತು. ಮಾರಿದ್ದ ಉಳಿದ ಸೆಟ್ಟುಗಳು ಯಾರ ಕಾರಿನಲ್ಲಿವೆ ಅಂತ ನೆನಪು ಮಾಡಿಕೊಂಡು ಫೋನ್ ಮಾಡಿದೆ. ಇಬ್ಬರು ಗಾಡಿಯನ್ನೇ ಮಾರಿಬಿಟ್ಟಿದ್ದರು. ಆ ಚಕ್ರಗಳು ಈಗಲೂ ಎಲ್ಲೋ ಓಡುತ್ತಿರಬಹುದು.

ಓಡದಿದ್ದರೂ ಅವು ಸಾಯುವುದಿಲ್ಲ. ಬಿರುಕು ಬಿಟ್ಟ ರಿಮ್ಮನ್ನು ಆರ್ಗನ್ ವೆಲ್ಡಿಂಗ್ ಮಾಡಿ, ಸೊಟ್ಟಗಾದದ್ದನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ತಟ್ಟಿ, ಬಣ್ಣ ಬಳಿದು ಮತ್ತೆ ಮಾರುತ್ತಾರೆ. ಬೆಂಕಿ ತಾಗಿದ ಕಡೆ ಟಿ6 ಹದ ಹೋಯಿತು, ಅಲ್ಲಿ ಲೋಹ ಮೆತ್ತಗಾಯಿತು. ಕಬ್ಬಿಣದ ಡಿಸ್ಕು ಬಗ್ಗಿದರೆ ತಟ್ಟಿ ನೆಟ್ಟಗೆ ಮಾಡಬಹುದು, ನಮ್ಮ ಕಾಫಿ ತೋಟದವರ ಜಿಪ್ಸಿಗಳು ಹಾಗೇ ಮೂವತ್ತು ವರ್ಷ ಓಡಿವೆ. ಅಲಾಯ್‌ಗೆ ಆ ಪುನರ್ಜನ್ಮ ಇಲ್ಲ.

ಹಾಗಂತ ಗಾಡಿಗೆ ಬೇರೆ ಚಕ್ರ ಹಾಕುವುದೇ ತಪ್ಪು ಅನ್ನುವವನಲ್ಲ ನಾನು. ನನಗೂ ಅದರ ರುಚಿ ಇದೆ. ನನ್ನ ಮಟ್ಟಿಗೆ ಒಳ್ಳೆ ಮಾಡಿಫಿಕೇಶನ್ ಅಂದರೆ, ಕಾರು ಶೋರೂಮಿನಿಂದಲೇ ಹಾಗೆ ಬಂದಿತ್ತೇನೋ ಅನ್ನಿಸಬೇಕು. ಚಕ್ರ ಕಮಾನಿನೊಳಗೆ ತುಂಬಿ ಕೂತಿರಬೇಕು, ಹೊರಗೆ ಇಣುಕಬಾರದು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ, ಐದು ಜನ ಕೂತು ಹಂಪ್ ಹಾರಿದರೂ ಟೈರು ಎಲ್ಲೂ ಉಜ್ಜಬಾರದು. ಸ್ವಿಫ್ಟಿಗೆ 17 ಇಂಚು ಬೇಕು ಅಂತ ಬರುವ ಹುಡುಗರಿಗೆ ನಾನು ಸ್ಕೇಲು ಹಿಡಿದು ತೋರಿಸುತ್ತೇನೆ: 165/80 ಆರ್14ರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 132 ಮಿ.ಮೀ. ರಬ್ಬರ್ ಇದೆ, 205/45 ಆರ್17ರಲ್ಲಿ 92. ಹೋದ ಆ ನಾಲ್ಕು ಸೆಂಟಿಮೀಟರೇ ಗುಂಡಿಯ ಪೆಟ್ಟು ತಿನ್ನುತ್ತಿದ್ದದ್ದು. ಅರ್ಧ ಜನ ಕೇಳುತ್ತಾರೆ, ಅರ್ಧ ಜನ ಬೇರೆ ಅಂಗಡಿಗೆ ಹೋಗುತ್ತಾರೆ. ಕಿವಿ ಒಡೆಯುವ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಚಕ್ರದ ವಿಷಯ ಹಾಗಲ್ಲ. ಅದು ಸದ್ದು ಮಾಡುವುದಿಲ್ಲ.

ನಕಲು ಅನ್ನುವ ಒಂದೇ ಕಾರಣಕ್ಕೂ ನನ್ನ ತಕರಾರಿಲ್ಲ. ಆಕಾರ ಕದ್ದದ್ದು ಆ ಕಂಪನಿಗಳ ವ್ಯಾಜ್ಯ. ಯೂರೋಪಿನಲ್ಲಿ ಪೋರ್ಷೆ, ಆಡಿ ಕಂಪನಿಗಳಿಗೂ ಇಟಲಿಯ ಅಕಾಸಿಯಾ ಅನ್ನುವ ರಿಮ್ ತಯಾರಕರಿಗೂ ಜಗಳ ಬಿದ್ದು, 2017ರ ಡಿಸೆಂಬರಿನಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ, ರಿಪೇರಿಗಾಗಿ ಒರಿಜಿನಲ್ಲಿನಂತೆಯೇ ಕಾಣುವ ಚಕ್ರ ಮಾಡಬಹುದು, ಆದರೆ ಇದು ಒರಿಜಿನಲ್ ಅಲ್ಲ ಅಂತ ಕೊಳ್ಳುವವನಿಗೆ ಸ್ಪಷ್ಟವಾಗಿ ಹೇಳಬೇಕು ಅಂದಿತು. ನಕಲಾದರೂ ಪರೀಕ್ಷೆ ಗೆದ್ದ ಚಕ್ರ ಇರಬಹುದು. ಅಂಥವು ಬಂದರೆ ನಾನೇ ಮಾರುತ್ತೇನೆ.

ಈಗ ನಿಮ್ಮ ಅಂಗಳಕ್ಕೆ ಬರುತ್ತೇನೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಮಾಲೀಕ ನಿಯಮ ಮೀರಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದು ಎಲ್ಲರಿಗೂ ಬಾಯಿಪಾಠ. ಅದೇ ಕಲಮಿನಲ್ಲಿ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಇನ್ನೊಂದು ಮಾತಿದೆ: ಕೇಂದ್ರ ಸರ್ಕಾರ ಸುರಕ್ಷತೆಗೆ ಅತಿ ಮುಖ್ಯ ಅಂತ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ಹೊಂದದ ಹಾಗೆ ಮಾರಿದವನಿಗೆ ಒಂದೊಂದು ಬಿಡಿಭಾಗಕ್ಕೆ 1 ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗೆ ಜೈಲು ಅಥವಾ ಎರಡೂ. ಕೊಂಡವನಿಗೆ ಐದು ಸಾವಿರ, ಮಾರಿದವನಿಗೆ ಲಕ್ಷ. ಶಾಸನ ಬರೆದವರಿಗೆ ಯಾರ ತಪ್ಪು ಎಷ್ಟು ದೊಡ್ಡದು ಅನ್ನುವ ಅಂದಾಜು ಇತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಂಗಡಿಗೆ ಜಿಎಸ್‌ಟಿಯವರು ಬಂದಿದ್ದಾರೆ, ತೂಕ-ಅಳತೆಯವರು ಬಂದಿದ್ದಾರೆ, ನಗರಸಭೆಯವರು ಬೋರ್ಡು ಅಳೆದಿದ್ದಾರೆ. ನೀನು ಮಾರುವ ರಿಮ್ಮು ತೋರಿಸು ಅಂದವರು ಒಬ್ಬರೂ ಇಲ್ಲ.

2020ರಲ್ಲಿ ಕೇಂದ್ರ ಸರ್ಕಾರ ವಾಹನದ ರಿಮ್ಮುಗಳಿಗೆಂದೇ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು, ಐಎಸ್‌ಐ ಗುರುತು ಬೇಕು ಅಂತ. ಅಲಾಯ್ ಚಕ್ರಕ್ಕೆ ಐಎಸ್ 16192 ಅನ್ನುವ ಮಾನದಂಡವೇ ಇದೆ. ನನ್ನ ಕೌಂಟರಿಗೆ ಬರುವ ನೂರು ಜನರಲ್ಲಿ ಹೆಲ್ಮೆಟ್ಟಿಗೆ ಐಎಸ್‌ಐ ಇರಬೇಕು ಅಂತ ನೂರಕ್ಕೆ ನೂರು ಜನರಿಗೆ ಗೊತ್ತು. ರಿಮ್ಮಿಗೂ ಅದು ಇರಬೇಕು ಅಂದರೆ "ಸುಮ್ನಿರಿ ಸಾರ್" ಅಂತ ನಗುತ್ತಾರೆ. ಹೆಲ್ಮೆಟ್ಟಿನ ವಿಷಯವನ್ನು ಮನೆಮನೆಗೆ ಮುಟ್ಟಿಸಿದ್ದು ಸರ್ಕಾರವೇ, ಇದನ್ನೂ ಮುಟ್ಟಿಸಬಹುದು.

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ಜಿಲ್ಲೆಗೊಂದು ದಿನ ನಿಮ್ಮ ಬ್ರೇಕ್ ಇನ್‌ಸ್ಪೆಕ್ಟರುಗಳು (ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ಕಡೆ ಇವತ್ತಿಗೂ ಹಾಗೇ ಕರೆಯುವುದು, ಬೇಸರ ಬೇಡ) ರಸ್ತೆ ಬದಿ ನಿಲ್ಲುವ ಬದಲು ಟೈರ್ ಅಂಗಡಿ, ಅಕ್ಸೆಸರಿ ಅಂಗಡಿಗಳ ಗೋಡೌನಿಗೆ ಬರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಶುರು ಮಾಡಿದರೆ ಅರ್ಧ ಕರ್ನಾಟಕದ ಮಾಲು ಅಲ್ಲೇ ಕಣ್ಣಿಗೆ ಬೀಳುತ್ತದೆ. ನನ್ನ ಅಂಗಡಿಗೂ ಬನ್ನಿ. ರಿಮ್ಮನ್ನು ಮಗುಚಿ ಹಾಕಿ ಹಿಂಬದಿ ನೋಡಿ: ಹೆಸರು, ತಾರೀಕು, ಭಾರದ ಅಂಕಿ, ಐಎಸ್‌ಐ. ಇಲ್ಲದಿದ್ದರೆ ಬಿಲ್ಲು ಕೇಳಿ. ಬಿಲ್ಲಿನ ಹಿಂದೆ ಹೋದರೆ ಎರಕದ ಮನೆ ಸಿಗುತ್ತದೆ.

ಎರಡನೆಯದು, ಒಂದು ಪುಟದ ಕನ್ನಡದ ಸುತ್ತೋಲೆ. ಅದೇ ಕಾರಿನ ಬೇರೆ ಮಾಡೆಲ್ಲಿಗೆ ಕಂಪನಿಯೇ ಕೊಡುವ ಸೈಜು ಹಾಕಬಹುದೇ, ಎಷ್ಟು ಅಗಲದವರೆಗೆ, ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ) ಹಾಕಬಹುದೇ, ರಿಮ್ಮಿನ ಬಣ್ಣ ಬದಲಿಸಿದರೆ ಅದು ಆಲ್ಟರೇಶನ್ನೇ, ಸುರಕ್ಷತಾ ಬಿಡಿಭಾಗದ ಪಟ್ಟಿಯಲ್ಲಿ ಚಕ್ರ ಎಲ್ಲಿ ನಿಲ್ಲುತ್ತದೆ. ಇಷ್ಟನ್ನು ಬರೆದು ಸಹಿ ಹಾಕಿ ಕೊಡಿ, ಅಂಗಡಿಯ ಗೋಡೆಗೆ ದೇವರ ಫೋಟೋ ಪಕ್ಕ ಅಂಟಿಸುತ್ತೇನೆ. ಈಗ ಒಂದು ಊರಿನಲ್ಲಿ ಸರಿ ಅಂದದ್ದು ಮುಂದಿನ ಊರಿನಲ್ಲಿ ತಪ್ಪಾಗುತ್ತದೆ. ಗಿರಾಕಿಗೆ ನಾನು ಏನು ಹೇಳಲಿ?

ಇನ್ನೊಂದು, ಇದು ಕಷ್ಟದ್ದೇ. ಸ್ವಂತ ಕಾರು 15 ವರ್ಷ ತುಂಬುವವರೆಗೆ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಬರುವುದೇ ಇಲ್ಲ. ಹಳದಿ ಬೋರ್ಡಿನ ಟ್ಯಾಕ್ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗಲಾದರೂ ಬ್ರೇಕು, ಲೈಟು ನೋಡುವಾಗ ಒಂದು ಚಕ್ರ ಬಿಚ್ಚಿಸಿ. ನಟ್ಟಿನ ಬುಡ ನೋಡಿ. ಹೋಂಡಾ ಕಾರುಗಳ ಕಂಪನಿ ನಟ್ಟಿನ ಬುಡ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳ ಗುಳಿ ಹೆಚ್ಚಾಗಿ ಲಾಳಿಕೆಯಂತೆ ಓರೆ. ಹಳೇ ನಟ್ಟನ್ನೇ ಹೊಸ ಅಲಾಯ್‌ಗೆ ಬಿಗಿ ಮಾಡಿ ಕಳಿಸಿದರೆ ಅದು ಉಂಗುರದಷ್ಟು ಜಾಗದಲ್ಲಿ ಮಾತ್ರ ಕಚ್ಚಿರುತ್ತದೆ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಒಂದು ಟ್ಯಾಕ್ಸಿಯಲ್ಲಿ ನಾಲ್ಕಕ್ಕೆ ಎರಡು ನಟ್ಟು ಬೆರಳಲ್ಲೇ ತಿರುಗಿದ್ದನ್ನು ನಾನು ಕಂಡಿದ್ದೇನೆ. ಚಾಲಕ ಮಂಗಳೂರಿನಿಂದ ಬಂದಿದ್ದ.

ಸಕಲೇಶಪುರದ ಹುಡುಗನ ತಾಮ್ರದ ಬಣ್ಣದ ಅಲಾಯ್‌ಗಳು ನನ್ನ ಅಟ್ಟದ ಮೇಲಿವೆ. "ರೂಲ್ಸ್ ಗೊತ್ತಾದ್ಮೇಲೆ ಫೋನ್ ಮಾಡಿ ಅಣ್ಣ, ಬತ್ತೀನಿ" ಅಂದಿದ್ದಾನೆ. ಕೊಯ್ದ ರಿಮ್ಮಿನ ತುಂಡು ಕೌಂಟರಿನ ಮೇಲೆ, ಬಿಲ್ಲು ಪುಸ್ತಕ ಹಾರದ ಹಾಗೆ ಭಾರಕ್ಕೆ ಇಟ್ಟಿದ್ದೇನೆ. ಜೆಡಬ್ಲ್ಯುಎಲ್ ಮುದ್ರೆ ಇರುವ ಭಾಗವೇ ಅದು. ನಿಮ್ಮ ಅಧಿಕಾರಿಗಳು ಯಾರಾದರೂ ಕಳಿಸು ಅಂದರೆ ಪಾರ್ಸೆಲ್ ಮಾಡುತ್ತೇನೆ. ಬಂದೇ ನೋಡುವುದಾದರೆ ಮಂಗಳವಾರ ಬಿಟ್ಟು ಯಾವ ದಿನವಾದರೂ ಸರಿ, ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ.

ಇಂತಿ,
ಬಿ.ಎಂ. ರಸ್ತೆಯ ಟೈರ್ ಅಂಗಡಿಯವ
ಹಾಸನ